ಸುಮ್ಮನಿರು ಎಂದವಳು ನಾನೇ

ನನ್ನ ಮಗಳು ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ನಾಲ್ಕು ವರ್ಷಕ್ಕೂ ಮೇಲೆ ಸದಸ್ಯೆಯಾಗಿದ್ದಳು. ಅಷ್ಟೂ ದಿನ ನಾನು ಕುವೈತಿನ ಮಂಗಫ್‌ನಲ್ಲಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮಕ್ಕಳು ದೊಡ್ಡ ಹುದ್ದೆಗೆ ಹೋದರೆ ತಾಯಿ ಕಾಲು ಚಾಚಿ ನೆಮ್ಮದಿಯಾಗಿರುತ್ತಾಳೆ ಎನ್ನುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ನನಗಂತೂ ಆ ಹೆಮ್ಮೆಯಲ್ಲಿ ಅನ್ನವೂ ಸರಿಯಾಗಿ ಸೇರುತ್ತಿರಲಿಲ್ಲ.

ನಾವು ಮಂಗಳೂರು ಕಡೆಯವರು. ನನ್ನ ಗಂಡ ರಿಫೈನರಿಯ ಗುತ್ತಿಗೆ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ನಾನು ಇಂಡಿಯನ್ ಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಟೀಚರ್. ಎಂಟನೇ ಕ್ಲಾಸಿನ ಮಕ್ಕಳಿಗೆ ಇಪ್ಪತ್ತು ವರ್ಷ ಚುನಾವಣೆಯ ಪಾಠ ಮಾಡಿದ್ದೇನೆ, ಓಟು ಹಾಕಿದ್ದು ಮಾತ್ರ ಮದುವೆಗೆ ಮುಂಚೆ ಒಂದೇ ಒಂದು ಸಲ. ಇಲ್ಲಿ ನಮ್ಮ ಬದುಕು ನಿಂತದ್ದು ಇಕಾಮಾ ಎಂಬ ವಾಸದ ಕಾರ್ಡಿನ ಮೇಲೆ. ಗಂಡನ ಇಕಾಮಾ ಅವರ ಕಂಪನಿಯ ಕೈಯಲ್ಲಿ, ನನ್ನದು ಗಂಡನ ಹೆಸರಿನಲ್ಲಿ. ಹಾಗಾಗಿ ಮಗಳನ್ನು ಬೆಳೆಸಿದ್ದೂ ಒಂದೇ ಮಂತ್ರ ಹೇಳಿ. ಸುಮ್ಮನಿರು. ಲಿಫ್ಟಿನಲ್ಲಿ ಯಾರಾದರೂ ನೂಕಿದರೆ ಸುಮ್ಮನಿರು, ಸ್ಕೂಲ್ ಬಸ್ಸಿನ ಡ್ರೈವರ್ ಸುಮ್ಮಸುಮ್ಮನೆ ರೇಗಿದರೂ ಸುಮ್ಮನಿರು. ಮಾತು ಬೆಳ್ಳಿ, ಮೌನ ಬಂಗಾರ. ಗಲ್ಫಿಗೆ ಬಂದವರು ಬಂಗಾರವನ್ನು ಬಿಟ್ಟಾರೆಯೇ?

ಅವಳು ಬಿಟ್ಟಳು. ಕಾನೂನು ಓದಲು ಬ್ರಿಟನ್ನಿಗೆ ಹೋದವಳು ಅಲ್ಲೇ ನಿಂತು, ಬಡವರಿಗೆ ಪುಕ್ಕಟೆ ಸಲಹೆ ಕೊಡುವ ಆಫೀಸು ಸೇರಿದಳು. ಆಮೇಲೆ ಊರಿನ ಕೌನ್ಸಿಲ್ಲು, ಆಮೇಲೆ ಪಕ್ಷದ ಟಿಕೆಟ್ಟು, ಆಮೇಲೆ ಗೆಲುವು. ಮರುದಿನ ಸ್ಟಾಫ್‌ರೂಮಿನಲ್ಲಿ ಹಿಂದಿ ಟೀಚರ್ ಲಡ್ಡು ಹಂಚಿದರು. ಅಂದಿನಿಂದ ನಾನು ಎಂಪಿಯ ಅಮ್ಮ. ಪ್ರಿನ್ಸಿಪಾಲರೂ ನನ್ನನ್ನು ಕಂಡರೆ ಕುರ್ಚಿ ತೋರಿಸತೊಡಗಿದರು. ಮಗನಿಗೆ ಲಂಡನ್ನಿನ ವೀಸಾ ಮಾಡಿಸಿಕೊಡಿ ಎಂದು ಬಂದವರಿಗೆ ನಾನು ಆಗುವುದಿಲ್ಲ ಎನ್ನುತ್ತಿರಲಿಲ್ಲ. ‘ನೋಡುವಾ’ ಎನ್ನುತ್ತಿದ್ದೆ. ಆ ಒಂದು ಮಾತು ಹೇಳುವಾಗ ಎಷ್ಟು ಸುಖವಾಗುತ್ತಿತ್ತು ಎಂದು ಯಾರಿಗೂ ಹೇಳಿಲ್ಲ.

ಬುಧವಾರ ಮಧ್ಯಾಹ್ನ ಸ್ಕೂಲಿನಿಂದ ಬಂದವಳೇ ಫೋನಿನಲ್ಲಿ ಪಾರ್ಲಿಮೆಂಟು ಹಾಕಿಕೊಂಡು ಕೂರುತ್ತಿದ್ದೆ. ಹಸಿರು ಬೆಂಚುಗಳ ಹಿಂದಿನ ಸಾಲಿನಲ್ಲಿ ಅವಳನ್ನು ಹುಡುಕುವುದೇ ಕೆಲಸ. ಅವಳು ಎದ್ದು ನಿಂತರೆ ನಾನೂ ಏಳುತ್ತಿದ್ದೆ, ಅಡುಗೆಮನೆಗೂ ಕಿಟಕಿಗೂ ಓಡಾಡುತ್ತಿದ್ದೆ. ‘ಅಷ್ಟು ಜೋರು ಬೇಡ’ ಎಂದು ಮೆಸೇಜು ಹಾಕುತ್ತಿದ್ದೆ. ಶುಕ್ರವಾರ ಅವಳು ತನ್ನ ಕ್ಷೇತ್ರದ ಲೈಬ್ರರಿಯೊಂದರಲ್ಲಿ ಕೂತು ಜನರ ಅಹವಾಲು ಕೇಳುವ ದಿನ. ಅಲ್ಲಿ ಬೇರೆ ದೇಶಗಳಿಂದ ಬಂದು ನೆಲೆಸಿದವರೇ ಹೆಚ್ಚು. ತಾಯಿಯನ್ನು ಕರೆಸಿಕೊಳ್ಳಲಾಗದೆ ಟ್ಯಾಕ್ಸಿ ಡ್ರೈವರೊಬ್ಬರು ತನ್ನೆದುರು ಅತ್ತದ್ದನ್ನು ಒಮ್ಮೆ ಫೋನಿನಲ್ಲಿ ಹೇಳಿ, ತಾನೂ ಅತ್ತಿದ್ದಳು.

ಮೂರನೇ ವರ್ಷ ಅವಳು ಮಂತ್ರಿಯೊಬ್ಬರ ಸಹಾಯಕಿಯಾದಳು. ಅದಕ್ಕೆ ಬೇರೆ ಸಂಬಳವಿಲ್ಲ, ಆದರೆ ಮುಂದೆ ಮಂತ್ರಿಯಾಗುವವರೆಲ್ಲ ಹತ್ತುವ ಮೊದಲ ಮೆಟ್ಟಿಲಂತೆ. ನನ್ನ ಗಂಡನ ಕೆಲಸ ಮುಗಿಯಲು ಆಗ ಎರಡು ವರ್ಷವೂ ಉಳಿದಿರಲಿಲ್ಲ. ಅದು ಮುಗಿದರೆ ಇಬ್ಬರ ಇಕಾಮಾವೂ ಖಲಾಸ್. ಆಮೇಲೆ ಮಗಳ ಹತ್ತಿರ ಹೋಗಿ ಇರುವುದೆಂದು ಮೊದಲಿನಿಂದಲೂ ಮಾತಾಗಿತ್ತು. ಇವರು ಅಲ್ಲಿಯ ಚಳಿಗೆಂದು ಎರಡು ದಪ್ಪ ಕೋಟು ಕೂಡ ಕೊಂಡು ತಂದಿದ್ದರು.

ಒಂದು ಮಂಗಳವಾರ ಸಂಜೆ ನಾನು ನೀರುದೋಸೆ ಹೊಯ್ಯುತ್ತಿದ್ದಾಗ ಅವಳ ಫೋನು ಬಂತು. ಇವರು ಕೆಲಸದಿಂದ ಇನ್ನೂ ಬಂದಿರಲಿಲ್ಲ.

“ಅಮ್ಮ, ನಾಳೆ ಓಟು ಉಂಟು,” ಎಂದಳು, ಯಾವಾಗಿನಂತೆ ಇಂಗ್ಲಿಷಿನಲ್ಲೇ. ವಿಷಯ ಇಷ್ಟು. ಹೊರದೇಶದಲ್ಲಿರುವ ವಯಸ್ಸಾದ ತಂದೆತಾಯಿಯನ್ನು ಬ್ರಿಟನ್ನಿಗೆ ಕರೆಸಿಕೊಳ್ಳುವ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿಬಿಡುವ ಮಸೂದೆ. ತಂದದ್ದು ಅವಳದೇ ಪಕ್ಷ. ಪರವಾಗಿಯೇ ಹಾಕಬೇಕೆಂದು ಕಟ್ಟಪ್ಪಣೆ. ವಿರುದ್ಧ ಹಾಕಿದರೆ ಸಹಾಯಕಿ ಹುದ್ದೆ ಹೋಗುತ್ತದೆ, ಪಕ್ಷದಿಂದಲೂ ಹೊರಗೆ ಹಾಕಬಹುದು. ಆದರೆ ಅಂತರ ಬಹಳ ಸಣ್ಣದು. ಅವಳು ಆಚೆ ಹೋದರೆ ಅವಳ ಹಿಂದೆ ಹೋಗಲು ಕೆಲವರು ಕಾಯುತ್ತಿದ್ದರು, ಮಸೂದೆ ಬಿದ್ದರೂ ಬೀಳಬಹುದಿತ್ತು.

“ನಾನು ಎಂತ ಮಾಡ್ಲಿ ಅಮ್ಮ?”

ಒಲೆ ಸಣ್ಣ ಮಾಡುವಷ್ಟು ಹೊತ್ತೂ ನಾನು ಯೋಚಿಸಲಿಲ್ಲ. “ಸುಮ್ಮನೆ ಅವ್ರು ಹೇಳಿದ ಹಾಗೆ ಮಾಡು ಮಗಾ. ಬಾಸನ್ನು ಎದುರು ಹಾಕಿಕೊಂಡು ಯಾರು ಉದ್ಧಾರ ಆಗಿದ್ದಾರೆ?”

“ಇಲ್ಲಿ ನನ್ನ ಬಾಸು ಅವ್ರಲ್ಲಮ್ಮ. ನಂಗೆ ಓಟು ಹಾಕಿದ ಜನ.”

“ಎಲ್ಲ ಊರಲ್ಲಿಯೂ ಕಫೀಲ್ ಇರ್ತಾನೆ ಮಾರಾಯ್ತಿ,” ಎಂದೆ. ಇಲ್ಲಿ ನಮ್ಮ ಇಕಾಮಾ ಹಿಡಿದಿಟ್ಟುಕೊಂಡ ಧಣಿಗೆ ಕಫೀಲ್ ಎನ್ನುತ್ತಾರೆ. “ಅಲ್ಲಿಯವನು ಟೈ ಕಟ್ಟಿರ್ತಾನೆ, ಅಷ್ಟೇ.”

ಅವಳು ನಕ್ಕಳು. ಆಮೇಲೆ, “ನೀವಿಬ್ರು ಮತ್ತೆ ಎಲ್ಲಿಗೆ ಹೋಗುವುದು?” ಎಂದು ಕೇಳಿದಳು.

“ಅದು ನಮ್ಮ ತಲೆಬಿಸಿ. ನೀನು ನಿನ್ನ ಸೀಟು ನೋಡಿಕೋ.”

ಗುರುವಾರ ಬೆಳಿಗ್ಗೆ ಸ್ಟಾಫ್‌ರೂಮಿನಲ್ಲಿ ಕೂತು, ಯಾರು ಯಾವ ಕಡೆ ಓಟು ಹಾಕಿದರೆಂಬ ಪಟ್ಟಿ ತೆಗೆದೆ. ಪರವಾಗಿ ಹಾಕಿದವರಲ್ಲಿ ಅವಳ ಹೆಸರಿತ್ತು. ಮಸೂದೆ ಕೂದಲೆಳೆಯ ಅಂತರದಲ್ಲಿ ಪಾಸಾಗಿತ್ತು. ಸದ್ಯ, ಹುದ್ದೆ ಉಳಿಯಿತು ಎನ್ನುವುದೇ ನನಗೆ ಮೊದಲು ಹೊಳೆದದ್ದು. ಎರಡನೇ ಪೀರಿಯಡ್ಡಿಗೆ ಹೋಗುವಾಗ ಮೆಟ್ಟಿಲಲ್ಲಿ ಆ ಟ್ಯಾಕ್ಸಿ ಡ್ರೈವರು ನೆನಪಾದರು. ಇವರಿಗೆ ಆ ಫೋನಿನ ವಿಷಯ ಹೇಳಲಿಲ್ಲ. ಟಿವಿಯಲ್ಲಿ ಸುದ್ದಿ ನೋಡಿದ ಇವರು ಆ ಎರಡು ದಪ್ಪ ಕೋಟುಗಳನ್ನು ಕಪಾಟಿನ ಮೇಲೆ ಎತ್ತಿಟ್ಟರು.

ಮುಂದಿನ ಚುನಾವಣೆಯಲ್ಲಿ ಅವಳು ಸೋತಳು. ಮನೆಮಗಳು ಎಂದು ಗೆಲ್ಲಿಸಿದವರೇ ಕೈಬಿಟ್ಟರು. ಅವರದೇನು ತಪ್ಪು?

ಸೋತ ಮೇಲೆ ಒಂದು ವಾರ ಕುವೈತಿಗೆ ಬಂದಳು. ಹೊರಗೆ ಕಾಲಿಡಲಾಗದ ಬಿಸಿಲು. ನಾವು ಮಂಗಳೂರಿನಲ್ಲಿ ಒಂದು ಬಾಡಿಗೆ ಫ್ಲ್ಯಾಟು ಗೊತ್ತು ಮಾಡಿ ಸಾಮಾನು ಕಟ್ಟುತ್ತಿದ್ದೆವು. ಇವರು ರಟ್ಟಿನ ಪೆಟ್ಟಿಗೆಗೆ ಟೇಪು ಸುತ್ತುತ್ತಾ, ತಲೆಯೆತ್ತದೆ ಕೇಳಿದರು. “ಅಷ್ಟು ಜನ ನಿನ್ನನ್ನು ನಂಬಿದ್ರಲ್ಲ ಮಗಾ. ಯಾಕೆ ಹಾಗೆ ಹಾಕಿದೆ?”

ಮಗಳು ನನ್ನ ಕಡೆ ನೋಡಲೂ ಇಲ್ಲ. “ಅದು ನನ್ನದೇ ನಿರ್ಧಾರ ಪಪ್ಪ,” ಎಂದಳು.

ಅವಳು ನನ್ನನ್ನು ಬಚಾವು ಮಾಡುತ್ತಿದ್ದಳು. ಅದನ್ನು ನನ್ನಿಂದ ತಡೆಯಲಾಗಲಿಲ್ಲ. “ಹಾಕು ಅಂತ ಹೇಳಿದ್ದು ನಾನು,” ಎಂದೆ.

ಇವರ ಕೈ ನಿಂತಿತು. “ಹೆದರಿ ಹೇಳಿದ್ದಲ್ವಾ ನೀನು,” ಎಂದರು. ಮೂವತ್ತೈದು ವರ್ಷ ನನ್ನ ಜೊತೆ ಹೆದರಿಕೊಂಡೇ ಬದುಕಿದ ಮನುಷ್ಯ, ನನಗೊಂದು ದಾರಿ ಮಾಡಿಕೊಡುತ್ತಿದ್ದರು.

“ಹೆದರಿ ಅಲ್ಲ. ನಂಗೆ ಎಂಪಿಯ ಅಮ್ಮ ಆಗಿಯೇ ಇರ್ಬೇಕಿತ್ತು.”

ಮಗಳು ನನ್ನ ಪಕ್ಕದಲ್ಲಿ ನೆಲದ ಮೇಲೆ ಬಂದು ಕೂತಳು. ನಾವು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಬೆಳೆದವಳು, ಅಂದು ನಮ್ಮ ಮಾತಿನಲ್ಲೇ ಹೇಳಿದಳು.

“ನಂಗೂ ಎಂಪಿ ಆಗಿಯೇ ಇರ್ಬೇಕಿತ್ತಮ್ಮ. ನೀನು ಎಂತ ಹೇಳ್ತಿ ಅಂತ ಗೊತ್ತಿತ್ತು. ಅದಕ್ಕೇ ಪಪ್ಪನನ್ನು ಬಿಟ್ಟು ನಿನ್ನನ್ನು ಕೇಳಿದ್ದು.”