ದಡ ಮುಟ್ಟದ ಅಳಿಲು
ಹಡಗಲಿ ಬಸ್ಸಿನ ಕಂಡಕ್ಟರ್ ಭೀಮರಾಜ ತನ್ನ ವಾರಿಗೆಯವರು ಹತ್ತಿದರೆ ಟಿಕೆಟ್ಟಿನ ಜೊತೆ ಒಂದು ಪ್ರಶ್ನೆಯನ್ನೂ ಕೊಡುತ್ತಾನೆ: “ಸಣ್ಣವರಿದ್ದಾಗ ಟೀವಿಯಾಗ ದೋಣಿ ಏರಿದ ಅಳಿಲಿನ ಕಾರ್ಟೂನ್ ಬರ್ತಿತ್ತಲ್ರಿ, ಕೊನಿ ವಾರ ನಿಮ್ಮೂರಾಗ ಕರೆಂಟ್ ಇತ್ತೇನ್ರಿ?” ಉತ್ತರ ಬರುವವರೆಗೆ ‘ರೈಟ್’ ಹೇಳುವುದಿಲ್ಲ, ಡ್ರೈವರ್ ಬೈದರೂ ಬಸ್ಸು ನಿಂತಲ್ಲೇ. ಕೂಡ್ಲಿಗಿಯ ಅವನ ಮನೆಯಲ್ಲಿ ಅವತ್ತು ಕಾರ್ಟೂನಿನಲ್ಲಿ ಬಿರುಗಾಳಿ ಏಳುವಷ್ಟರಲ್ಲಿ ಕರೆಂಟ್ ಹೋಗಿತ್ತು. ದೋಣಿ ಮಗುಚಿದ್ದನ್ನು ಕೊಟ್ಟೂರಿನವರು ಹೇಳಿದರು. ಅಳಿಲು ಹಲಗೆ ಹಿಡಿದು ತೇಲಿದ್ದು ಹಿರೇಹಡಗಲಿಯ ಟೀಚರೊಬ್ಬರಿಂದ ತಿಳಿಯಿತು. ಆಮೇಲೆ ದಡ ಮುಟ್ಟಿತೇ? ಅಷ್ಟು ಹೊತ್ತಿಗೆ ಯಾವ ಊರಲ್ಲೂ ಕರೆಂಟ್ ಇರಲಿಲ್ಲ. ಮೊನ್ನೆ ಕಾಲೇಜು ಹುಡುಗಿಯೊಬ್ಬಳು ಫೋನಿನಲ್ಲಿ ಹುಡುಕಿ, “ಅಣ್ಣಾ, ಕೊನಿ ಇಲ್ಲೇ ಐತಿ, ನೋಡ್ರಿ” ಎಂದಳು. ಭೀಮರಾಜ ಫೋನಿಗೆ ಅಂಗೈ ಅಡ್ಡ ಹಿಡಿದ. “ಬ್ಯಾಡವ್ವಾ, ನೋಡಿಬಿಟ್ರ ನಾಳಿಂದ ಮಂದಿನ್ನ ಏನ್ ಕೇಳ್ಲಿ?” ಎಂದವನೇ, ಬಸ್ಸು ಆಗಲೇ ಓಡುತ್ತಿದ್ದರೂ, “ರೈಟ್, ರೈಟ್” ಎಂದು ಕೂಗಿದ.