ಅಂದಾನೆಪ್ಪನ ನಾಯಿಯೂ ಗುಡ್ಡದ ಉಣ್ಣಿಗಳೂ

"ಈ ಗುಡ್ಡದಾಗಿನ ಉಣ್ಣಿ ನನ್ನ ಮನಿ ಹೊಸ್ತಿಲಾ ದಾಟಬೇಕಂದ್ರ ಇನ್ನೊಂದು ಜನ್ಮಾ ಎತ್ತಿ ಬರಬೇಕ್ರಿ!"

ಮುನವಳ್ಳಿಯ ಅಂದಾನೆಪ್ಪ ಚಹಾದಂಗಡಿಯಲ್ಲಿ ಕುಂತು ಈ ಮಾತು ಹೇಳುತ್ತಿದ್ದದ್ದು ತೊಂಬತ್ತೆಂಟನೇ ಇಸವಿಯ ಸುಮಾರಿಗೆ. ಅದನ್ನು ಕೇಳದವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಮಲಪ್ರಭೆಯ ಹಿನ್ನೀರಿನ ಮೀನುಗಳಿಗೂ ಬಾಯಿಪಾಠವಾಗಿತ್ತು.

ಅಂದಾನೆಪ್ಪ ಬೈಲಹೊಂಗಲದ ಹತ್ತಿ ದಲಾಲಿಯ ಅಡತಿ ಅಂಗಡಿಯೊಂದರಲ್ಲಿ ಪ್ರಾಯ ಕಳೆದವನು. ಗಾದಿಯ ಮೇಲೆ ಕುಂತು ಕುಂತು ಸಕ್ಕರೆ ಬೇನೆ ಹಚ್ಚಿಕೊಂಡು ಊರಿಗೆ ಮರಳಿದ. ಡಾಕ್ಟರು ದಿನಾ ನಡೆಯಿರಿ ಎಂದರು, ಎಲ್ಲಿ ನಿಲ್ಲಬೇಕೆಂದು ಹೇಳಲಿಲ್ಲ. ಹೀಗಾಗಿ ಇವನು ಊರು ದಾಟಿ, ಹೊಲ ದಾಟಿ, ಗುಡ್ಡ ಹತ್ತತೊಡಗಿದ. ಜೊತೆಗೆ ಸುಭೇದಾರ. ಸುಭೇದಾರ ಎಂದರೆ ಅವನ ನಾಯಿ; ಬಿಸಿಲಿಗೆ ಅಡ್ಡ ನಿಂತರೂ ನೆರಳು ಬೀಳದಷ್ಟು ಸಣಕಲು. ದಾರಿಯುದ್ದಕ್ಕೂ ಅಂದಾನೆಪ್ಪ ಮಾತಾಡುವುದು, ಅದು ಕೇಳುವುದು. ಮನುಷ್ಯರಲ್ಲಿ ಅಂಥ ಸಹನೆ ಅವನಿಗೆ ಸಿಕ್ಕಿರಲಿಲ್ಲ.

ತೊಡಕು ಬಂದದ್ದು ಉಣ್ಣಿಯಿಂದ. ಮೊದಲ ವರ್ಷ ಸುಭೇದಾರ ಗುಡ್ಡದಿಂದ ತಂದ ಉಣ್ಣಿಗಳು ಗೋಡೆ ಹತ್ತಿ, ಜಂತಿ ಹಿಡಿದು, ದೇವರ ಜಗುಲಿಯ ತನಕ ಸವಾರಿ ಹೋದವು. ಹೆಂಡತಿ ಸೋಮವ್ವ ನಡುಮನೆಯಲ್ಲಿ ನಿಂತು ತೀರ್ಪು ಕೊಟ್ಟಳು: "ಇನ್ನ ಒಂದ ಉಣ್ಣಿ ಮನ್ಯಾಗ ಕಂಡ್ರೂ ಈ ನಾಯಿ ರಾಮದುರ್ಗಕ್ಕ, ನನ್ನ ತಮ್ಮನ ಹೊಲಕ್ಕ. ಮುಂದ ಮಾತಿಲ್ರಿ."

ಅಂದಿನಿಂದ ಅಂದಾನೆಪ್ಪ ಯುದ್ಧಕ್ಕೆ ಇಳಿದ. ಹೊರಡುವ ಮುಂಚೆ ನಾಯಿಯ ಕಾಲಿಗೆ, ಹೊಟ್ಟೆಗೆ ಬೇವಿನ ಎಣ್ಣೆ. ಆ ವಾಸನೆಗೆ ಮುನವಳ್ಳಿಯ ಕಾಗೆಗಳೆಲ್ಲ ನೇಸರಗಿಗೆ ವಲಸೆ ಹೋದವೆಂದು ನಾನು ಹೇಳಿದರೆ ನೀವು ನಂಬುವುದಿಲ್ಲ, ಬಿಡಿ. ದಾರಿಯಲ್ಲಿ ಹುಲ್ಲಿಗೆ ಮೈ ತಾಗದಂತೆ ಗಾಡಿ ದಾರಿಯ ನಟ್ಟನಡುವೆಯೇ ನಡೆಸುವುದು. ದನ ಮಲಗುವ ನೆರಳಿನ ಕಡೆಗೆ ಬಿಡುವುದೇ ಇಲ್ಲ. ಗುಡ್ಡದ ತುದಿಯಲ್ಲಿ ನಾಯಿಯನ್ನು ಬರಿ ಬಂಡೆಯ ಮೇಲೆ ಕೂಡಿಸಿ, ತಾನು ತಲೆಯ ರುಮಾಲು ಬಿಚ್ಚಿ ಪಕ್ಕದ ಹುಲ್ಲಿನ ಮೇಲೆ ಹಾಸಿಕೊಂಡು ಅಡ್ಡಾಗುತ್ತಿದ್ದ. ಇಳಿದು ಬಂದ ಮೇಲೆ ಮನೆಯೊಳಗೆ ಬಿಡುವ ಮುಂಚೆ ಕಟ್ಟೆಯ ಮೇಲೆ ತಪಾಸಣೆ: ಕಿವಿಯ ಒಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ, ಕೊರಳ ಪಟ್ಟಿಯ ಕೆಳಗೆ. ಸಿಕ್ಕ ಉಣ್ಣಿಯನ್ನು ಒರೆಸಿ ಹಾಕುವುದಿಲ್ಲ, ಹೊಸಕುವುದಿಲ್ಲ. ಚರ್ಮದ ಹತ್ತಿರವೇ ಹಿಡಿದು ಮೆಲ್ಲಗೆ ನೆಟ್ಟಗೆ ಎಳೆದು ಚಿಮಣಿ ಎಣ್ಣೆಯ ಡಬ್ಬಿಗೆ ಬಿಡುವುದು. ಮದುಮಗನಿಗೆ ಅರಿಶಿನ ಹಚ್ಚುವವರೂ ಅಷ್ಟು ನಿಗಾ ಮಾಡುವುದಿಲ್ಲ.

ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ಶ್ರಾವಣದ ಒಂದು ಮುಂಜಾನೆ ಸೋಮವ್ವ ರೊಟ್ಟಿ ಬಡಿಯುತ್ತ ಕುತ್ತಿಗೆ ತುರಿಸಿಕೊಂಡಳು. ಕೈಗೆ ಉಣ್ಣಿ ಬಂತು. ಔಡಲ ಬೀಜದಷ್ಟಿತ್ತು ಎಂದು ಅವಳು ಹೇಳಿದಳು. ಸಂಜೆಯ ಹೊತ್ತಿಗೆ ಓಣಿಯಲ್ಲಿ ಅದು ತೆಂಗಿನಕಾಯಿಯಷ್ಟಾಗಿತ್ತು. ಅವಳು ರೊಟ್ಟಿ ಅಲ್ಲೇ ಬಿಟ್ಟು ಎಸ್‌ಟಿಡಿ ಅಂಗಡಿಗೆ ಹೋಗಿ ತಮ್ಮ ಮಡಿವಾಳೆಪ್ಪನಿಗೆ ಫೋನು ಹಚ್ಚಿದಳು.

ಮರುದಿನ ಮಡಿವಾಳೆಪ್ಪ ಟೆಂಪೊ ತಂದು ಬಾಗಿಲಿಗೆ ನಿಲ್ಲಿಸಿದ. ಅಂದಾನೆಪ್ಪ ಗುಡ್ಡದಿಂದ ಆಗಷ್ಟೇ ಇಳಿದು ಬಂದಿದ್ದ. ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆದು ನಾಯಿಯ ಕಿವಿ ಮಡಚಿ ತೋರಿಸಿದ.

"ನೋಡ್ರಿ, ಒಂದಾದ್ರೂ ಐತೇನು?"

ನೋಡಿದೆವು. ಹಬ್ಬಕ್ಕೆ ತಿಕ್ಕಿದ ತಂಬಿಗೆಯ ಹಾಗಿತ್ತು.

"ಹಂಗಾರ ನನ್ನ ಕುತ್ತಗಿಗೆ ಉಣ್ಣಿ ಮುಗಲಾಗಿಂದ ಉದರತೇನ್ರಿ?" ಸೋಮವ್ವ ಹೊಸ್ತಿಲಲ್ಲೇ ನಿಂತು ಕೇಳಿದಳು.

"ಸೋಮವ್ವ, ಇದು ಹೋತಂದ್ರ ನನ್ನ ನಡಿಗಿನೂ ಮುಗೀತು. ಗುಡ್ಡದ ಮ್ಯಾಲ ಇನ್ನ ಯಾರ ಜೋಡಿ ಮಾತಾಡ್ಲಿ?"

ಅವಳು ತಮ್ಮನಿಗೆ ಕೈಸನ್ನೆ ಮಾಡಿದಳು. ಮಡಿವಾಳೆಪ್ಪ ಹಗ್ಗ ಕಟ್ಟಿ ಎಳೆದ. ಸುಭೇದಾರ ನಾಲ್ಕೂ ಕಾಲು ನೆಟ್ಟು ನಿಂತಿತು. ಕಡೆಗೆ ಅಂದಾನೆಪ್ಪ ತಾನೇ ಎತ್ತಿ ಹಾಕುತ್ತೇನೆಂದು ನಾಯಿಯ ಮುಂದೆ ಬಗ್ಗಿದ. ಬಗ್ಗಿದ್ದೇ ತಡ, ಮಡಿವಾಳೆಪ್ಪ ಹಗ್ಗ ಕೈಬಿಟ್ಟ.

"ಮಾಮಾ, ಹಂಗ ನಿಂದರ್ರಿ. ನಿಮ್ಮ ರುಮಾಲಿನಾಗ ಏನೋ ಹರದ್ಯಾಡಾಕ ಹತ್ತೇತಿ."

ರುಮಾಲು ಬಿಚ್ಚಿ ಕಟ್ಟೆಯ ಮೇಲೆ ಹಾಸಿದರು. ಅದು ಹಾಸುತ್ತ ಹೋದರೆ ಸವದತ್ತಿ ಬಸ್‌ಸ್ಟ್ಯಾಂಡು ಮುಟ್ಟುವಂಥ ರುಮಾಲು. ಒಂದೊಂದು ಮಡಿಕೆಯಲ್ಲಿ ಅಜ್ಜ, ಮಗ, ಮೊಮ್ಮಗ ಸಮೇತ ಉಣ್ಣಿಗಳ ಒಟ್ಟು ಕುಟುಂಬ ಸುಖವಾಗಿತ್ತು. ದಿನಾ ಹುಲ್ಲಿನ ಮೇಲಿಂದ ಹತ್ತಿ, ಯಜಮಾನನ ತಲೆಯ ಮೇಲೆ ಕುಂತು ಊರು ನೋಡುತ್ತ ಮನೆಗೆ ಬಂದಿದ್ದವು. ರಾತ್ರಿ ಆ ರುಮಾಲು ತೂಗುತ್ತಿದ್ದ ಗೂಟ ಸೋಮವ್ವನ ಹಾಸಿಗೆಯ ನೇರ ಮೇಲಿತ್ತು.

ಸೋಮವ್ವ ಸೆರಗು ಸೊಂಟಕ್ಕೆ ಸಿಗಿಸಿದಳು.

"ತಮ್ಮಾ, ನಾಯಿ ಬಿಚ್ಚು. ಪಾಪ, ಅದರದೇನೂ ತಪ್ಪಿಲ್ಲ." ಆಮೇಲೆ ಗಂಡನ ಕಡೆ ತಿರುಗಿದಳು. "ಹೊಸ್ತಿಲಾ ದಾಟೂದಿಲ್ಲಂದವರು ತಲಿಮ್ಯಾಲ ಹೊತ್ತು ತಂದಾರ! ಟೆಂಪೊ ಅಂತೂ ಬಂದೈತಿ. ಈಗ ಯಾರನ್ನ ಹತ್ತಸೂಣ್ರಿ?"

ನಾವು ನಕ್ಕೆವು, ಮಡಿವಾಳೆಪ್ಪನಂತೂ ಟೆಂಪೊ ಹಿಡಿದುಕೊಂಡು ನಕ್ಕ. ಅಂದಾನೆಪ್ಪ ಬೋಳು ತಲೆಯ ಮೇಲೆ ಕೈಯಾಡಿಸಿ, ಸಾವಕಾಶ ಕಟ್ಟೆಯ ಮೇಲೆ ಕುಂತ.

"ನಾಯಿ ನನ್ನ ಜಿಮ್ಮಾ ಇತ್ತು, ಅದನ್ನ ನೋಡ್ಕೊಳ್ಳೂದು ನನ್ನ ಕೆಲಸ. ಅದರ ಮೈಮ್ಯಾಲ ಒಂದ ಉಣ್ಣಿ ತೋರಸು ನೋಡೂಣು. ನಾ ಯಾರ ಜಿಮ್ಮಾ ಇದ್ದೆನಲಾ, ಅವರನ್ನ ಹತ್ತಸು."