ಇವತ್ತಿನ ಹುಲ್ಲೇ ತಾನೆ?

ನನ್ನ ಸೋದರತ್ತೆ ಹಾಲಿನ ಪ್ಯಾಕೆಟ್ ಮೇಲಿನ ತಾರೀಕನ್ನು ಎರಡು ಸಲ ಓದುತ್ತಾಳೆ. ಒಂದು ಸಲ ಕನ್ನಡಕ ಹಾಕಿಕೊಂಡು, ಇನ್ನೊಂದು ಸಲ ತೆಗೆದು. ಕನ್ನಡಕವನ್ನೂ ಅವಳು ಪೂರ್ತಿ ನಂಬುವುದಿಲ್ಲ. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನು ಉಳಿದವರು ಬಾಯಲ್ಲಿ ಹೇಳುತ್ತಾರೆ, ಅತ್ತೆ ಬಾಳಿ ತೋರಿಸುತ್ತಾಳೆ. ಆಫೀಸಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಸಿಸಿಟಿವಿ ಅಂತಲೇ.

ಆಫೀಸು ಅಂದರೆ ಕಡಲ ಸಂಶೋಧನಾ ಕೇಂದ್ರ. ಅಲ್ಲಿನ ಸ್ಯಾಂಪಲ್ ಕೋಣೆ ಇಪ್ಪತ್ತೈದು ವರ್ಷದಿಂದ ಅತ್ತೆಯ ರಾಜ್ಯ. ಒಂದು ಕಿಟಕಿ, ಎರಡು ಫ್ರಿಜ್ಜು, ಒಂದು ಸ್ಟೀಲ್ ಮೇಜು, ಸದಾ ತೊಟ್ಟಿಕ್ಕುವ ಒಂದು ನಲ್ಲಿ. ಬೀಗದ ಕೈ ಅವಳ ಕುತ್ತಿಗೆಯ ದಾರದಲ್ಲಿ ನೇತಾಡುತ್ತದೆ. ಸ್ನಾನಕ್ಕೆ ಹೋದಾಗಲೂ ಅದನ್ನು ತೆಗೆಯುವುದಿಲ್ಲವೆಂದು ನನ್ನ ಗುಮಾನಿ.

ಅತ್ತೆಯ ತಮ್ಮನೇ ನನ್ನಪ್ಪ. ಅದೇ ಕೇಂದ್ರದಲ್ಲಿ ದೋಣಿ ನಡೆಸುತ್ತಾನೆ. ನೀರಿಳಿದ ಹೊತ್ತಿಗೆ ಹೋಗಿ, ಗ್ಲೌಸ್ ಹಾಕಿದ ಕೈಯಲ್ಲಿ ಕಡಲಹುಲ್ಲನ್ನು ಬೇರುಸಮೇತ ಕಿತ್ತು, ಐಸ್ ಡಬ್ಬಿಯಲ್ಲಿ ತರುತ್ತಾನೆ. ಕಡಲಹುಲ್ಲು ಪಾಚಿಯಲ್ಲ. ಬೇರು, ಹೂವು ಎಲ್ಲ ಇರುವ ನಿಜವಾದ ಗಿಡ, ನೀರಿನಡಿಯಲ್ಲಿ ಬದುಕುವುದಷ್ಟೇ ವಿಶೇಷ. ಅದರ ಎಲೆಯ ಮೇಲೆ ತೆಳ್ಳನೆಯ ಲೋಳೆ, ಆ ಲೋಳೆಯಲ್ಲಿ ಕಣ್ಣಿಗೆ ಕಾಣದ ಲಕ್ಷಾಂತರ ಜೀವಿಗಳ ಸಂಸಾರ. ಎಲೆಯ ಮೇಲಿನವರೇ ಬೇರೆ, ಒಂದು ಗೇಣು ದೂರದ ನೀರಿನಲ್ಲಿರುವವರೇ ಬೇರೆ. ಬೇರಿನ ಸುತ್ತ ಕೊಳೆತ ಮೊಟ್ಟೆಯಂತೆ ನಾರುವ ಕೆಸರಿದೆಯಲ್ಲ, ಅಲ್ಲಿ ಇನ್ನೊಂದು ಜಾತಿಯವರು. ಆ ಕೆಸರಿನ ವಿಷವನ್ನು ತಾವು ಅರಗಿಸಿಕೊಂಡು ಗಿಡವನ್ನು ಕಾಯುವವರು ಅವರಲ್ಲಿದ್ದಾರೆ. ಅತ್ತೆ ಎಲೆಯನ್ನು ಹತ್ತಿಕಡ್ಡಿಯಿಂದ ಒರೆಸಿ ಒಂದು ಸೀಸೆಗೆ, ನೀರನ್ನು ಇನ್ನೊಂದಕ್ಕೆ, ಕೆಸರನ್ನು ಮತ್ತೊಂದಕ್ಕೆ ಹಾಕಿ ಚೀಟಿ ಅಂಟಿಸುತ್ತಾಳೆ.

ಅಪ್ಪ ಡಬ್ಬಿ ಇಳಿಸಿದ ಕೂಡಲೇ ಅವಳ ಪ್ರಶ್ನೆ ಒಂದೇ.

"ಇವತ್ತಿನ ಹುಲ್ಲೇ ತಾನೆ?"

"ಇವತ್ತಿನದೇ ಅಕ್ಕ."

ಇದಕ್ಕೆ ಮೂಲ ನಾನೇ. ಇಪ್ಪತ್ತೆರಡು ವರ್ಷದ ಹಿಂದೆ ನಾನು ಹುಟ್ಟಿದ ದಿನ ಅಪ್ಪ ದೋಣಿ ಬಿಡದೆ ಆಸ್ಪತ್ರೆಗೆ ಓಡಿದ್ದ. ಹಿಂದಿನ ದಿನ ಡಬ್ಬಿಯಲ್ಲಿ ಉಳಿದ ಹುಲ್ಲನ್ನೇ ಇವತ್ತಿನದೆಂದು ಅಕ್ಕನ ಕೈಗಿಟ್ಟಿದ್ದ. ಅವಳು ಹೇಗೋ ಪತ್ತೆ ಹಚ್ಚಿದಳು. ಹೇಗೆಂದು ಅಪ್ಪನಿಗೆ ತಿಳಿಯಲೇ ಇಲ್ಲ. ಅತ್ತೆ ಯಾರಿಗೂ ಹೇಳಲಿಲ್ಲ, ಮರೆಯಲೂ ಇಲ್ಲ.

ಈ ವರ್ಷ ಕೇಂದ್ರದ ಮುಖ್ಯಸ್ಥೆ ಮೇಡಂ ಸೀಸೆಗಳನ್ನು ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸತೊಡಗಿದರು. ಅಲ್ಲಿನ ಯಂತ್ರ ಯಾವ ಸೀಸೆಯಲ್ಲಿ ಯಾವ ಯಾವ ಜೀವಿ ಇದೆಯೆಂದು ಓದಿ ಹೇಳುತ್ತದಂತೆ. ಮೊದಲ ವರದಿಯಲ್ಲೇ ಎಡವಟ್ಟು. ನೀರು, ಕೆಸರು ಸರಿಯಾಗಿದ್ದವು, ಆದರೆ ಎಲೆಯ ಪ್ರತಿ ಸೀಸೆಯಲ್ಲೂ ಮನುಷ್ಯರ ಚರ್ಮದ ಮೇಲಿರುವ ಜೀವಿಗಳು!

"ಯಾರೋ ಬರಿಗೈಯಲ್ಲಿ ಎಲೆ ಮುಟ್ಟಿದ್ದಾರೆ," ಅಂದರು ಮೇಡಂ.

"ನಾನು ಗ್ಲೌಸ್ ಹಾಕಿಕೊಂಡೇ ಕೋಣೆಗೆ ಹೋಗೋದನ್ನ ಎಲ್ಲರೂ ನೋಡಿದ್ದಾರೆ. ದೋಣಿಯಲ್ಲಿ ಏನು ನಡೆಯುತ್ತೋ ಯಾರು ಕಂಡಿದ್ದಾರೆ?" ಅಂದಳು ಅತ್ತೆ.

ಅಪ್ಪ ತನ್ನ ಕೈಗಳನ್ನು ನೋಡಿಕೊಂಡ. ಅಷ್ಟೇ ಸಾಕಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಅಕೌಂಟೆಂಟ್ ಕಿಸಕ್ಕೆಂದ. ಮುಂದಿನ ವರದಿಯೂ ಹೀಗೇ ಬಂದರೆ ದೋಣಿಗೆ ಬೇರೆಯವರನ್ನು ಹಾಕುತ್ತೇನೆ ಎಂದರು ಮೇಡಂ. ಅಪ್ಪನಿಗೆ ಐವತ್ತೊಂದು, ದೋಣಿ ಬಿಟ್ಟರೆ ಬೇರೆ ಕೆಲಸ ಬರುವುದಿಲ್ಲ. ಆ ವಾರ ಅವನು ಸರಿಯಾಗಿ ಊಟ ಮಾಡಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನೇರ ಅತ್ತೆಯ ಮನೆಗೆ ಹೋದೆ.

"ಸ್ವಂತ ತಮ್ಮನ ಮೇಲೇ ಹೀಗಾ ಅತ್ತೆ?"

"ಬೆಂಕಿ ಇಲ್ಲದೆ ಹೊಗೆ ಬರುತ್ತೇನೇ? ಒಂದು ಸಲ ಮೋಸ ಮಾಡಿದವನು."

"ಅದು ನಾನು ಹುಟ್ಟಿದ ದಿನ!"

"ದಿನ ಯಾವುದಾದರೇನು, ಸುಳ್ಳು ಸುಳ್ಳೇ."

ಅಷ್ಟಕ್ಕೇ ಬಿಡಲಿಲ್ಲ, ಅವನನ್ನು ಹಿಡಿಯಲು ತಾನೇ ಉಪಾಯವನ್ನೂ ಹೂಡಿದಳು. ಅಪ್ಪ ಕಿತ್ತ ಕೂಡಲೇ ಅರ್ಧ ಎಲೆಗಳನ್ನು ಮೇಡಂ ದೋಣಿಯಲ್ಲೇ ಒರೆಸಬೇಕು, ಉಳಿದರ್ಧ ಕೋಣೆಗೆ ಬರಬೇಕು. ಎರಡರಲ್ಲೂ ಚರ್ಮದ ಜೀವಿಗಳು ಬಂದರೆ ಕೀಳುವ ಕೈಯದೇ ತಪ್ಪು. ಮೇಡಂ ಒಪ್ಪಿದರು.

ಮೂರು ವಾರಕ್ಕೆ ವರದಿ ಬಂತು. ದೋಣಿಯ ಸೀಸೆಗಳು ಶುದ್ಧ. ಕೋಣೆಯ ಸೀಸೆಗಳಲ್ಲಿ ಮತ್ತೆ ಅದೇ. ಅತ್ತೆ ಕನ್ನಡಕ ಹಾಕಿ ಒಂದು ಸಲ, ತೆಗೆದು ಒಂದು ಸಲ ಓದಿದಳು.

"ಕೋಣೆಗೆ ಬೇರೆ ಯಾರು ಬರ್ತಾರೆ?" ಮೇಡಂ ಕೇಳಿದರು.

"ಒಂದು ನೊಣಾನೂ ಬರಲ್ಲ. ಬೀಗದ ಕೈ ನನ್ನ..." ಎಂದು ಹೆಮ್ಮೆಯಿಂದ ಶುರುಮಾಡಿದವಳು ಅರ್ಧಕ್ಕೇ ನಿಂತಳಂತೆ.

ಸಂಜೆ ಅತ್ತೆ ನಮ್ಮ ಮನೆಗೆ ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನಾನೇ ಕಣೋ," ಅಂದಳು ಅಪ್ಪನಿಗೆ. "ಒಂದು ದಿನ ಹಳೇದಾದರೆ ಎಲೆ ಅಂಟಂಟಾಗುತ್ತೆ, ಇವತ್ತಿನದಾದರೆ ಜಾರುತ್ತೆ. ಗ್ಲೌಸಲ್ಲಿ ಅದು ತಿಳಿಯಲ್ಲ. ಬಾಗಿಲು ಹಾಕಿಕೊಂಡು, ಬಲಗೈಯದನ್ನ ಕಳಚಿ, ಒಂದೊಂದು ಎಲೇನೂ ಹೆಬ್ಬೆರಳಲ್ಲಿ ಉಜ್ಜಿ ನೋಡ್ತಿದ್ದೆ. ಸೋಪು ಹಾಕಿ ತೊಳೆದ ಕೈ ಅಲ್ವಾ, ಏನಾಗುತ್ತೆ ಅಂದುಕೊಂಡೆ. ಎಷ್ಟು ತೊಳೆದರೂ ಕೈ ಮೇಲೆ ಆ ಜೀವಿಗಳು ಇದ್ದೇ ಇರ್ತಾವಂತೆ."

"ಎಷ್ಟು ವರ್ಷದಿಂದ ಅಕ್ಕ?"

ಅವಳು ನನ್ನ ಕಡೆ ನೋಡಿದಳು. "ಇವಳಿಗೆಷ್ಟು ವಯಸ್ಸೋ ಅಷ್ಟು."

ನನಗೆ ನಗುವೂ ಬಂತು, ಅಳುವೂ ಬಂತು. ಎಲೆಯ ಮೇಲಿದ್ದದ್ದು ಬೇರೇನೂ ಅಲ್ಲ, ಅತ್ತೆಯ ಅನುಮಾನವೇ.

"ಮೇಡಂಗೆ ಬರೆದುಕೊಟ್ಟು ಬಂದಿದ್ದೀನಿ," ಅಂದಳು. "ನಿನ್ನ ದೋಣಿಗೆ ಏನೂ ಆಗಲ್ಲ. ನನ್ನ ವಿಷಯ ಅವರು ತೀರ್ಮಾನ ಮಾಡ್ತಾರೆ."

ಮೇಡಂ ಬೈದು, ಕೋಣೆಯನ್ನು ಅವಳಿಗೇ ಉಳಿಸಿದರು. ಮರುವಾರ ಹುಲ್ಲು ತರುವ ದಿನ ನಾನೂ ಹೋಗಿ ಕೋಣೆಯ ಬಾಗಿಲಲ್ಲಿ ನಿಂತೆ. ಪ್ರತ್ಯಕ್ಷ ನೋಡದೆ ನಂಬಲಾರೆ, ಆ ಕಾಯಿಲೆ ನಮ್ಮ ವಂಶದ್ದು. ಅಪ್ಪ ಡಬ್ಬಿ ಇಳಿಸಿದ.

"ಇವತ್ತಿನ ಹುಲ್ಲೇ ತಾನೆ?" ಅತ್ತೆಗೆ ಬಾಯಿ ತಪ್ಪಿ ಬಂದುಬಿಟ್ಟಿತು.

"ಇವತ್ತಿನದೇ ಅಕ್ಕ." ಅಪ್ಪ ಒಂದೇ ಒಂದು ಎಲೆಯನ್ನು ಬೇರೆ ತಟ್ಟೆಯಲ್ಲಿ ಮೇಜಿನ ಮೇಲಿಟ್ಟ. "ಇದು ಸೀಸೆಗಲ್ಲ, ನಿನಗೇ ಅಂತ ತಂದೆ. ಉಜ್ಜಿ ನೋಡು."

ಅತ್ತೆಯ ಎಡಗೈ ಬಲಗೈ ಗ್ಲೌಸಿನ ಅಂಚಿಗೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಅವಳು ಮೂಗು ಎಳೆದುಕೊಂಡು ಹತ್ತಿಕಡ್ಡಿ ತೆಗೆದುಕೊಂಡಳು.

ಸಂಜೆ ನಾವು ಹೊರಟಾಗ ಆ ಎಲೆ ತಟ್ಟೆಯಲ್ಲೇ ಒಣಗಿತ್ತು. ಅತ್ತೆ ಅದನ್ನು ಮುಟ್ಟಿರಲಿಲ್ಲ.